ಇರುಲೆಗಿಯ ಕಂಚಿನ ಕೈ: ಒಂದು ಪದದ ಮೇಲೆ ಎಷ್ಟು ಭಾರ ಹೇರಬಹುದು?

ಸ್ಪೇನಿನ ಪಾಂಪ್ಲೋನಾ ನಗರದ ಹತ್ತಿರ ಇರುಲೆಗಿ ಅಂತ ಒಂದು ಬೆಟ್ಟ. ಅಲ್ಲಿದ್ದ ಊರು ಕ್ರಿ.ಪೂ. 1ನೇ ಶತಮಾನದ ಸರ್ಟೋರಿಯಸ್ ಯುದ್ಧದ ಕಾಲದಲ್ಲಿ ಸುಟ್ಟುಹೋಯಿತು. 2021ರ ಉತ್ಖನನದಲ್ಲಿ ಅಲ್ಲಿ ಅಂಗೈ ಆಕಾರದ ಕಂಚಿನ ತಗಡು ಸಿಕ್ಕಿತು. ಅದನ್ನು ಶುಚಿ ಮಾಡುವಾಗಷ್ಟೇ ನಾಲ್ಕು ಸಾಲಿನ ಬರಹ ಕಂಡದ್ದು. ಮೊಳೆ ಹೊಡೆಯುವ ತೂತೂ ಇದೆ. ಬೆರಳು ಕೆಳಗಾಗುವಂತೆ ಬಾಗಿಲಿಗೆ ಹೊಡೆದಿದ್ದರು ಅನ್ನುವುದು ಶೋಧಕರ ಊಹೆ.

ಗದ್ದಲ ಎದ್ದದ್ದು ಮೊದಲ ಪದದಿಂದ. 2022ರಲ್ಲಿ ಅದನ್ನು ‘ಸೊರಿಯೊನೆಕು’ ಎಂದು ಓದಿದರು. ಇವತ್ತಿನ ಬಾಸ್ಕ್‌ನಲ್ಲಿ ‘ಜೊರಿಯೊನೆಕೊ’ ಅಂದರೆ ಅದೃಷ್ಟದ, ಶುಭದ. ಹಾಗಾದರೆ ಇದು ಬಾಸ್ಕ್ ಭಾಷೆಯ ಪೂರ್ವರೂಪದ ಶಾಸನವೇ?

ಪ್ರಶ್ನೆ ಸಣ್ಣದಲ್ಲ. ಬಾಸ್ಕ್‌ಗೆ ಒಪ್ಪಿತವಾದ ನೆಂಟ ಭಾಷೆ ಯಾವುದೂ ಇಲ್ಲ. ಸುತ್ತಲಿನ ಕೆಲ್ಟರಿಗೆ ಬೊಟೊರಿಟಾದ ಉದ್ದುದ್ದ ಕಂಚಿನ ಶಾಸನಗಳಿವೆ. ಲಿಪಿ ಐಬೀರಿಯನ್, ಭಾಷೆ ಕೆಲ್ಟಿಕ್. ಬಾಸ್ಕ್ ಕಡೆಗೆ ಇದ್ದದ್ದು ಮುಖ್ಯವಾಗಿ ಹೆಸರುಗಳು. ನೈಋತ್ಯ ಫ್ರಾನ್ಸಿನ ಅಕ್ವಿಟೇನಿಯಾದ ಲ್ಯಾಟಿನ್ ಶಾಸನಗಳಲ್ಲಿ ‘ನೆಸ್ಕಾತೊ’, ‘ಆಂಡೆರೆ’ ಬರುತ್ತವೆ. ಬಾಸ್ಕ್‌ನಲ್ಲಿ ‘ನೆಸ್ಕಾತೊ’ ಹುಡುಗಿ, ‘ಆಂಡೆರೆ’ ಹೆಣ್ಣುಮಗಳು. ಇದನ್ನೇ ಹಿಡಿದು, ಬಾಸ್ಕ್ ಭಾಷೆ ಪೈರಿನೀಸ್ ಪರ್ವತದ ದಕ್ಷಿಣಕ್ಕೆ ತಡವಾಗಿ ಬಂತು ಅಂತ ವಾದಿಸುವವರಿದ್ದಾರೆ. ಇರುಲೆಗಿ ಇರುವುದು ದಕ್ಷಿಣದಲ್ಲೇ ನೋಡಿ!

ಆದರೆ ಉಳಿದ ಪದಗಳಿಗೆ ಯಾರೂ ಒಪ್ಪುವಂಥ ಅರ್ಥ ಹೇಳಿಲ್ಲ. ಮೊದಲ ಪದದ ಕೊನೆಯ ಅಕ್ಷರವೂ ‘ಕು’ ಅಲ್ಲ, ‘ಕೆ’ ಎಂಬ ಓದು ಆಮೇಲೆ ಬಂತು. ನಮ್ಮ ಕಾಗುಣಿತದಲ್ಲಿ ಕು, ಕೆ ಒಂದೇ ‘ಕ’ದ ಮಕ್ಕಳು. ಐಬೀರಿಯನ್ ಲಿಪಿಯಲ್ಲಿ ಅವು ಬೇರೆ ಬೇರೆ ಗುರುತುಗಳು. ಒಂದು ಗೀರು ಬೇರೆ ಥರ ಕಂಡರೆ ಸಾಕು, ಪದದ ಪ್ರತ್ಯಯವೇ ಬದಲು. ಇನ್ನೊಂದು ಮಾತು: ಎರಡು ಸಾವಿರ ವರ್ಷದ ಪದ ಇವತ್ತಿನ ಪದದ ಹಾಗೇ ಕಂಡರೆ ಖುಷಿಗಿಂತ ಮೊದಲು ಅನುಮಾನ ಬರಬೇಕು. ಹಲ್ಮಿಡಿ ಶಾಸನ ಓದಲು ಕೂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅಲ್ಲಿನ ವಿದ್ವಾಂಸರ ಎಚ್ಚರಕ್ಕೆ ಇನ್ನೂ ಒಂದು ಕಾರಣವಿದೆ. 2006ರಲ್ಲಿ ಇರುನ್ಯಾ-ವೆಲೆಯಾ ಎಂಬಲ್ಲಿ ಬಾಸ್ಕ್ ಪದ ಗೀಚಿದ ರೋಮನ್ ಕಾಲದ ಮಡಕೆ ಚೂರುಗಳು ಸಿಕ್ಕವು ಅಂತ ಘೋಷಿಸಿದರು. 2008ರಲ್ಲಿ ತಜ್ಞರ ಸಮಿತಿ ಆ ಬರಹ ನಕಲಿ ಅಂದಿತು. 2020ರಲ್ಲಿ ನ್ಯಾಯಾಲಯದ ತೀರ್ಪೂ ಬಂತು.

ಇರುಲೆಗಿಯ ಕೈ ಹಾಗಲ್ಲ, ಅಸಲಿ. ನನ್ನ ಮಟ್ಟಿಗೆ ಅದರ ತೂಕ ಇರುವುದು ‘ಸೊರಿಯೊನೆಕು’ವಿನಲ್ಲಿ ಅಲ್ಲ, ಇಂಗ್ಲಿಷಿನ ‘ಟಿ’ ಅಕ್ಷರದಂಥ ಒಂದು ಗುರುತಿನಲ್ಲಿ. ಐಬೀರಿಯನ್ ಲಿಪಿಯಲ್ಲಿ ಅದಿಲ್ಲ; ವಾಸ್ಕೋನರ ಸೀಮೆಯ ನಾಣ್ಯಗಳಲ್ಲಿದೆ. ಅಂದರೆ ಅಲ್ಲಿಯ ಜನ ಎರವಲು ಲಿಪಿಯನ್ನು ತಮ್ಮ ಉಚ್ಚಾರಕ್ಕೆ ತಿದ್ದಿಕೊಂಡಿದ್ದರು.