ಓಲೆಗರಿಯೂ ಅಂಗೈಯ ಗಣಕವೂ

ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನಕವಿಯ ‘ಶಾಂತಿಪುರಾಣ’ವನ್ನು ಸಾವಿರ ಪ್ರತಿ ಮಾಡಿಸಿ ಹಂಚಿದಳೆಂಬ ಸಂಗತಿಯನ್ನು ಕನ್ನಡ ಸಾಹಿತ್ಯ ಚರಿತ್ರೆ ಓದಿದವರೆಲ್ಲರೂ ಬಲ್ಲರು. ತರಗತಿಯಲ್ಲಿ ಈ ಮಾತು ಬಂದಾಗ ನಾವು ಅಧ್ಯಾಪಕರು ಆಕೆಯ ಔದಾರ್ಯವನ್ನು ಕೊಂಡಾಡಿ ಮುಂದಿನ ಕವಿಯ ಕಡೆಗೆ ನಡೆದುಬಿಡುತ್ತೇವೆ. ಸಾವಿರ ಎಂಬ ಆ ಸಂಖ್ಯೆಯ ಮುಂದೆ ನಿಂತು ಯೋಚಿಸುವವರು ಕಡಮೆ. ಸಾವಿರ ಪ್ರತಿಗಳೆಂದರೆ ಎಷ್ಟು ಹೊರೆ ಓಲೆಗರಿ, ಎಷ್ಟು ಮಂದಿ ಲಿಪಿಕಾರರು, ಅವರಿಗೆ ಎಷ್ಟು ಕಾಲದ ಅನ್ನ ಬಟ್ಟೆ! ಕಾವ್ಯವನ್ನು ನಕಲು ಮಾಡಿಕೊಳ್ಳುವುದಕ್ಕೆ ಅಡ್ಡಿ ಹೇಳುವವರು ಅಂದು ಯಾರೂ ಇದ್ದಂತಿಲ್ಲ. ನಕಲಿನ ವೆಚ್ಚವನ್ನು ಹೊರುವವರು ಮಾತ್ರ ಒಬ್ಬರು ಬೇಕಾಗಿತ್ತು.

ಬೆಂಗಳೂರಿನಲ್ಲಿ ಹುಟ್ಟಿದ ಸಿಂಪ್ಯೂಟರ್ ಎಂಬ ಅಂಗೈಯಗಲದ ಗಣಕಯಂತ್ರದ ಕಥೆಯನ್ನು ನೆನೆದಾಗಲೆಲ್ಲ ನನಗೆ ಅತ್ತಿಮಬ್ಬೆಯ ನೆನಪಾಗುತ್ತದೆ. ಕನ್ನಡ ಪಾಠ ಹೇಳುವವನಿಗೆ ಗಣಕದ ಗೊಡವೆ ಏಕೆಂದು ಓದುಗರು ಕೇಳಬಹುದು. ನಮ್ಮ ಭಾಷೆಯ ಓದು ಬರಹವೆಲ್ಲ ಗಣಕಕ್ಕೆ ಏರಿ ಕುಳಿತಿರುವ ಈ ಕಾಲದಲ್ಲಿ, ಆ ಯಂತ್ರಗಳನ್ನು ಯಾರು ಯಾರಿಗಾಗಿ ರೂಪಿಸುತ್ತಾರೆ ಎಂಬ ಪ್ರಶ್ನೆ ಭಾಷೆಯ ಪ್ರಶ್ನೆಯೇ ಆಗಿದೆ ಎಂಬುದು ನನ್ನ ಉತ್ತರ.

೧೯೯೮ರಲ್ಲಿ, ಅಭಿವೃದ್ಧಿಶೀಲ ದೇಶಗಳಿಗೆ ಮಾಹಿತಿ ತಂತ್ರಜ್ಞಾನವು ಹೇಗೆ ಒದಗಬೇಕೆಂಬ ವಿಷಯವಾಗಿ ಬೆಂಗಳೂರಿನಲ್ಲಿ ಒಂದು ಅಂತರರಾಷ್ಟ್ರೀಯ ವಿಚಾರಗೋಷ್ಠಿ ನಡೆಯಿತು. ಅಲ್ಲಿ ಮೊಳೆತ ಆಲೋಚನೆಯನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಗಣಕವಿಜ್ಞಾನ ವಿಭಾಗದ ನಾಲ್ವರು ಪ್ರಾಧ್ಯಾಪಕರು ಕೈಗೆತ್ತಿಕೊಂಡರು: ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್. ಎನ್‌ಕೋರ್ ಎಂಬ ಬೆಂಗಳೂರಿನ ಕಂಪನಿಯ ವಿನಯ್ ದೇಶಪಾಂಡೆ ಮತ್ತು ಅವರ ಇಬ್ಬರು ಜೊತೆಗಾರರು ಇವರೊಡನೆ ಸೇರಿದರು. ಈ ಏಳು ಮಂದಿ ಕೂಡಿ ಸಿಂಪ್ಯೂಟರ್ ಟ್ರಸ್ಟ್ ಎಂಬ ಸಂಸ್ಥೆಯನ್ನು ಕಟ್ಟಿ, ಲಾಭದ ಆಸೆಯಿಲ್ಲದೆ ಯಂತ್ರದ ನಕ್ಷೆಯನ್ನು ಸಿದ್ಧಪಡಿಸಿ, ೨೦೦೧ರ ಏಪ್ರಿಲ್ ೨೫ರಂದು ಅದನ್ನು ಸಾರ್ವಜನಿಕರ ಮುಂದಿಟ್ಟರು. ಸರಳ, ಅಗ್ಗ, ಬಹುಭಾಷಿಕ ಎಂಬ ಅರ್ಥದ ಇಂಗ್ಲಿಷ್ ಪದಗಳ ಮೊದಲಕ್ಷರಗಳಿಂದ ಕೂಡಿದ ಹೆಸರು ಅದು.

ಯಂತ್ರದ ಒಳಹೊರಗನ್ನು ಅವರು ಹೇಗೆ ಆರಿಸಿಕೊಂಡರೆಂಬುದನ್ನು ಸ್ವಲ್ಪ ವಿವರವಾಗಿ ನೋಡಬೇಕು. ಬಳಸುವವನು ಅಕ್ಷರ ಬಾರದ ಹಳ್ಳಿಗನಾಗಿರಬಹುದು ಎಂಬುದೇ ಅವರ ಮೊದಲ ಗೃಹೀತ. ಆದ್ದರಿಂದ ಕೀಲಿಮಣೆಯನ್ನು ಕೈಬಿಟ್ಟರು. ಕಡ್ಡಿಯಿಂದ ಮುಟ್ಟಿದರೆ ಸಾಕಾಗುವ ಪರದೆಯನ್ನು ಇಟ್ಟರು. ಪರದೆ ಕಪ್ಪು ಬಿಳುಪಿನದು. ಅಡ್ಡ ಉದ್ದ ೩೨೦ ಹಾಗೂ ೨೪೦ ಚುಕ್ಕೆಗಳದು. ಬಣ್ಣದ ಪರದೆಗಿಂತ ಅಗ್ಗ, ವಿದ್ಯುತ್ತನ್ನೂ ಮಿತವಾಗಿ ಉಣ್ಣುವಂಥದು. ಕರೆಂಟು ಬಂದು ಹೋಗುವ ಊರುಗಳನ್ನು ಮನಸ್ಸಿನಲ್ಲಿಟ್ಟು, ‘ಟ್ರಿಪಲ್ ಎ’ ಎನ್ನುವ ಮೂರು ಪುಟ್ಟ ಸೆಲ್ಲುಗಳಿಂದಲೇ ನಡೆಯುವಂತೆ ಮಾಡಿದರು. ಯಂತ್ರದ ಮಿದುಳಿಗೆ ಇಂಟೆಲ್ ಕಂಪನಿಯ ಸ್ಟ್ರಾಂಗ್‌ಆರ್ಮ್ ಎಂಬ, ೨೦೬ ಮೆಗಾಹರ್ಟ್ಸ್ ವೇಗದ ಪ್ರೊಸೆಸರನ್ನು ಆರಿಸಿದರು. ಶ್ರೀಮಂತ ದೇಶಗಳ ವ್ಯಾಪಾರಸ್ಥರು ಆಗ ಜೇಬಿನಲ್ಲಿಟ್ಟುಕೊಳ್ಳುತ್ತಿದ್ದ ಕಾಂಪ್ಯಾಕ್ ಐಪ್ಯಾಕ್ ಯಂತ್ರದಲ್ಲಿದ್ದುದೂ ಅದೇ ಮಿದುಳು. ಬಡವನ ಯಂತ್ರವೆಂದು ಮಂದಬುದ್ಧಿಯದನ್ನು ಅವರು ಆರಿಸಲಿಲ್ಲ. ತಂತ್ರಾಂಶಕ್ಕೆ ಹಣ ಕೇಳದ ಲಿನಕ್ಸನ್ನು ಒಳಗಿಟ್ಟರು.

ಇವೆಲ್ಲಕ್ಕಿಂತ ಜಾಣತನದ ಆಯ್ಕೆಯೊಂದಿತ್ತು. ಒಂಬತ್ತು ಸಾವಿರ ರೂಪಾಯಿ ಬೆಲೆಯ ಯಂತ್ರವನ್ನು ಕೂಲಿಕಾರನೊಬ್ಬನು ಕೊಳ್ಳಲಾರನೆಂಬುದು ಅವರಿಗೆ ತಿಳಿದಿತ್ತು. ಅದಕ್ಕಾಗಿ ಯಂತ್ರದಲ್ಲಿ ಸ್ಮಾರ್ಟ್ ಕಾರ್ಡು ತೂರಿಸುವ ಒಂದು ಸೀಳನ್ನು ಇಟ್ಟರು. ಯಂತ್ರವು ಪಂಚಾಯಿತಿಯದೋ, ಶಾಲೆಯದೋ, ಅಂಗಡಿಯವನದೋ ಆಗಿರಲಿ. ಒಬ್ಬೊಬ್ಬರ ಬಳಿ ಒಂದೊಂದು ಕಾರ್ಡು ಇರಲಿ. ಬೇಕಾದಾಗ ಯಂತ್ರವನ್ನು ಎರವಲು ಪಡೆದು, ತನ್ನ ಕಾರ್ಡು ತೂರಿಸಿ, ತನ್ನ ಲೆಕ್ಕವನ್ನು ತಾನು ನೋಡಿಕೊಂಡು, ಮುಂದಿನವನಿಗೆ ದಾಟಿಸಲಿ. ಊರಿಗೊಂದು ಬಾವಿ, ಮನೆಗೊಂದು ಕೊಡ ಎಂಬ ನಮ್ಮ ಹಳೆಯ ಏರ್ಪಾಡು ಇದರಲ್ಲಿ ಕಾಣುವುದಿಲ್ಲವೆ?

ಓದಲು ಬಾರದವನಿಗೆ ಯಂತ್ರವೇ ಓದಿ ಹೇಳಬೇಕಷ್ಟೆ. ರಮೇಶ್ ಹರಿಹರನ್ ಅವರು ಇದಕ್ಕಾಗಿ ‘ಧ್ವನಿ’ ಎಂಬ ತಂತ್ರಾಂಶವನ್ನು ರೂಪಿಸಿದರು. ಬರೆದುದನ್ನು ಅದು ಕನ್ನಡದಲ್ಲಿ, ಹಿಂದಿಯಲ್ಲಿ ಉಚ್ಚರಿಸುತ್ತಿತ್ತು. ಬರೆದಂತೆ ಓದುವ, ಓದಿದಂತೆ ಬರೆಯುವ ನಮ್ಮ ಲಿಪಿಯ ಗುಣ ಇಲ್ಲಿ ನೆರವಿಗೆ ಬಂದಿತು. ಇಂಗ್ಲಿಷಿನಂತೆ ಒಂದೊಂದು ಪದಕ್ಕೂ ಉಚ್ಚಾರದ ಕೋಶವನ್ನು ಹೊತ್ತುಕೊಳ್ಳಬೇಕಾಗಿಲ್ಲ. ಅಕ್ಷರಗಳ ನಾದದ ತುಣುಕುಗಳನ್ನು ಸಂಗ್ರಹಿಸಿ ಜೋಡಿಸಿದರೆ ಮಾತಾಗುತ್ತದೆ. ೩೨ ಮೆಗಾಬೈಟಿನ ಕಿರಿದಾದ ಸ್ಮರಣೆಯ ಯಂತ್ರವೊಂದು ಮಾತನಾಡುವುದಕ್ಕೆ ನಮ್ಮ ವರ್ಣಮಾಲೆಯ ಶಿಸ್ತೂ ಕಾರಣವಾಯಿತೆಂದರೆ ಅತಿಶಯೋಕ್ತಿಯಾಗಲಾರದು. ನಾನು ಎಂ.ಎ. ಓದುತ್ತಿದ್ದ ದಿನಗಳಲ್ಲಿ ಗೆಳೆಯರೊಬ್ಬರ ಕೈಯಲ್ಲಿ ಆ ಯಂತ್ರವನ್ನು ನೋಡಿದ್ದೆ. ಒರಟಾದ, ಏರಿಳಿತವಿಲ್ಲದ ದನಿ. ದೀರ್ಘಗಳೆಲ್ಲ ತುಸು ಹೆಚ್ಚೇ ದೀರ್ಘ. ಆದರೂ ಕೇಳಿದ್ದು ಕನ್ನಡ. ಕೇಶಿರಾಜನ ವರ್ಣವಿವೇಕವು ಇಂಥದೊಂದು ಕಡೆ ಉಪಯೋಗಕ್ಕೆ ಬರಬಹುದೆಂದು ಅದುವರೆಗೆ ನನಗೆ ಹೊಳೆದಿರಲಿಲ್ಲ.

ನಕ್ಷೆಯನ್ನು ಟ್ರಸ್ಟಿನವರು ಬಚ್ಚಿಟ್ಟುಕೊಳ್ಳಲಿಲ್ಲ. ಯಾರಾದರೂ ಅದನ್ನು ಪಡೆದು ಅಭ್ಯಾಸ ಮಾಡಬಹುದಿತ್ತು, ಯಂತ್ರವನ್ನು ಕಟ್ಟಿ ನೋಡಬಹುದಿತ್ತು. ಮಾರಾಟಕ್ಕಾಗಿ ತಯಾರಿಸುವವರು ಮಾತ್ರ ಒಮ್ಮೆ ಪರವಾನಗಿ ಶುಲ್ಕ ಕೊಡಬೇಕಿತ್ತು: ಅಭಿವೃದ್ಧಿಶೀಲ ದೇಶದವರಾದರೆ ೨೫,೦೦೦ ಡಾಲರು, ಮುಂದುವರಿದ ದೇಶದವರಾದರೆ ಅದರ ಹತ್ತು ಪಟ್ಟು. ನಕ್ಷೆಯನ್ನು ತಿದ್ದಿ ಬೆಳೆಸಿದವರು ಆ ತಿದ್ದುಪಡಿಯನ್ನು ಸ್ವಲ್ಪ ಕಾಲ ತಮ್ಮಲ್ಲಿಟ್ಟುಕೊಂಡು, ಬಳಿಕ ಎಲ್ಲರಿಗೂ ಬಿಟ್ಟುಕೊಡಬೇಕಿತ್ತು. ತಂತ್ರಾಂಶಕ್ಕೆ ಇಂಥ ನಿಯಮಗಳು ಮೊದಲೇ ಇದ್ದುವು. ಕೈಯಲ್ಲಿ ಹಿಡಿಯುವ ಯಂತ್ರಕ್ಕೆ ಅವನ್ನು ಹೊಂದಿಸಲು ಯತ್ನಿಸಿದ ಮೊದಮೊದಲಿಗರಲ್ಲಿ ಬೆಂಗಳೂರಿನವರೂ ಸೇರುತ್ತಾರೆ.

ಇಷ್ಟರ ಮಟ್ಟಿಗೆ ಎಲ್ಲವೂ ಸರಿ. ಪೇಚು ಪ್ರಾರಂಭವಾದುದು ತಯಾರಿಕೆಯಲ್ಲಿ. ತಂತ್ರಾಂಶದ ನಕಲಿಗೆ ಹೆಚ್ಚು ಖರ್ಚಿಲ್ಲ; ಯಂತ್ರದ ಒಂದೊಂದು ನಕಲಿಗೂ ತಗಡು, ಗಾಜು, ಪ್ಲಾಸ್ಟಿಕ್ಕು, ಕೂಲಿ ಬೇಕು. ಪುಸ್ತಕ ಅಚ್ಚು ಹಾಕಿಸಿದವರಿಗೆ ಈ ಲೆಕ್ಕ ಹೊಸದಲ್ಲ. ಐದುನೂರು ಪ್ರತಿ ತೆಗೆಸಿದರೂ ಐದು ಸಾವಿರ ತೆಗೆಸಿದರೂ ಮೊಳೆ ಜೋಡಿಸುವ ಕೂಲಿ ಒಂದೇ. ಯಂತ್ರದ ಹೊರಕವಚಕ್ಕೆ ಉಕ್ಕಿನ ಅಚ್ಚೊಂದನ್ನು ಕೊರೆಸಬೇಕು. ಅದಕ್ಕೆ ಹತ್ತು ಲಕ್ಷ ರೂಪಾಯಿ ತಗಲುವುದೆಂದು ಲೆಕ್ಕದ ಸಲುವಾಗಿ ಇಟ್ಟುಕೊಳ್ಳೋಣ. ಸಾವಿರ ಯಂತ್ರ ಮಾಡಿದರೆ ಒಂದೊಂದರ ತಲೆಯ ಮೇಲೆ ಸಾವಿರ ರೂಪಾಯಿ ಬೀಳುತ್ತದೆ. ಲಕ್ಷ ಮಾಡಿದರೆ ಹತ್ತೇ ರೂಪಾಯಿ. ಸರ್ಕ್ಯೂಟ್ ಬೋರ್ಡನ್ನು ಪರೀಕ್ಷಿಸಿ ತಿದ್ದುವ ಖರ್ಚೂ, ಪುಟ್ಟ ಪುಟ್ಟ ಬಿಡಿಭಾಗಗಳನ್ನು ಅದರ ಮೇಲೆ ಕೂರಿಸುವ ಯಂತ್ರಗಳನ್ನು ಸಜ್ಜುಗೊಳಿಸುವ ಖರ್ಚೂ ಹೀಗೆಯೇ.

ಬಿಡಿಭಾಗಗಳ ಕಥೆ ಇನ್ನೂ ಕಠಿನ. ಪರದೆ, ಪ್ರೊಸೆಸರು, ಸ್ಮರಣೆಯ ಚಿಪ್ಪುಗಳನ್ನು ತಯಾರಿಸುವ ದೊಡ್ಡ ಕಾರ್ಖಾನೆಗಳು ಲಕ್ಷಗಟ್ಟಲೆ ಕೊಳ್ಳುವವನಿಗೆ ಹೇಳುವ ಬೆಲೆಯನ್ನು ಸಾವಿರ ಕೊಳ್ಳುವವನಿಗೆ ಹೇಳುವುದಿಲ್ಲ. ಮೇಲಾಗಿ, ಒಂದು ಭಾಗದ ತಯಾರಿಕೆಯನ್ನು ಅವರು ನಿಲ್ಲಿಸಿದಾಗ ಸಣ್ಣ ಗಿರಾಕಿಯ ಗತಿಯೇನು? ಸಿಂಪ್ಯೂಟರಿನ ಮಿದುಳಾಗಿದ್ದ ಸ್ಟ್ರಾಂಗ್‌ಆರ್ಮ್ ವಂಶವನ್ನು ಇಂಟೆಲ್ ಕಂಪನಿ ಕೆಲವೇ ವರ್ಷಗಳಲ್ಲಿ ಬದಿಗೆ ಸರಿಸಿ, ಎಕ್ಸ್‌ಸ್ಕೇಲ್ ಎಂಬ ಹೊಸ ವಂಶವನ್ನು ಮುಂದೆ ತಂದಿತು. ಪ್ರೊಸೆಸರು ಬದಲಾದರೆ ಸರ್ಕ್ಯೂಟ್ ಬೋರ್ಡಿನ ನಕ್ಷೆಯನ್ನು ಮತ್ತೆ ಬರೆಯಬೇಕು, ಮತ್ತೆ ಪರೀಕ್ಷಿಸಬೇಕು. ನಕ್ಷೆ ಎಷ್ಟೇ ತೆರೆದಿದ್ದರೂ ಅದರೊಳಗಿನ ಮುಖ್ಯ ಭಾಗಗಳ ಬೀಗದ ಕೈ ಬೇರೆಯವರ ಬಳಿಯೇ ಇರುತ್ತದೆ.

ಟ್ರಸ್ಟಿನಿಂದ ಪರವಾನಗಿ ಪಡೆದು ಎನ್‌ಕೋರ್ ಕಂಪನಿಯೂ, ಪ್ರಾಧ್ಯಾಪಕರು ತಾವೇ ಆರಂಭಿಸಿದ ಪಿಕೋಪೀಟಾ ಕಂಪನಿಯೂ ತಯಾರಿಕೆಗೆ ಇಳಿದುವು. ಪಿಕೋಪೀಟಾದವರ ‘ಅಮಿಡಾ’ ಸಿಂಪ್ಯೂಟರು ೨೦೦೪ರ ಏಪ್ರಿಲ್‌ನಲ್ಲಿ ಮಾರುಕಟ್ಟೆಗೆ ಬಂದಿತು. ತಯಾರಿಸಿದವರು ಭಾರತ್ ಎಲೆಕ್ಟ್ರಾನಿಕ್ಸ್‌ನವರು. ಕೈಯನ್ನು ತುಸು ಅಲುಗಿಸಿದರೆ ಪುಟ ಮಗುಚುವ ಚಮತ್ಕಾರ ಅದರಲ್ಲಿತ್ತು. ಬೆಲೆ ಹತ್ತು ಸಾವಿರ ರೂಪಾಯಿಗಳ ಆಸುಪಾಸಿನಿಂದ ಶುರುವಾಗಿ, ವರ್ಣಪರದೆಯದಕ್ಕೆ ಅದರ ಎರಡರಷ್ಟರ ಹತ್ತಿರ ಹೋಗಿತ್ತು. ಮೊದಲು ಹೇಳಿದ್ದ ಒಂಬತ್ತು ಸಾವಿರವು ದೊಡ್ಡ ಪ್ರಮಾಣದಲ್ಲಿ ತಯಾರಿಸಿದರೆ ಎಂಬ ಷರತ್ತಿನ ಮೇಲೆ ನಿಂತಿದ್ದ ಬೆಲೆ. ಆ ಪ್ರಮಾಣ ಬರಲೇ ಇಲ್ಲ. ಐವತ್ತು ಸಾವಿರ ಮಾರುವ ಗುರಿಯಿಟ್ಟಿದ್ದ ಯಂತ್ರವು ೨೦೦೫ರ ಹೊತ್ತಿಗೆ ಮಾರಿಹೋಗಿದ್ದುದು ಸುಮಾರು ನಾಲ್ಕು ಸಾವಿರ. ಬೆಲೆ ಇಳಿಯದೆ ಕೊಳ್ಳುವವರಿಲ್ಲ. ಕೊಳ್ಳುವವರಿಲ್ಲದೆ ಬೆಲೆ ಇಳಿಯುವುದಿಲ್ಲ. ಹುಚ್ಚು ಬಿಟ್ಟಲ್ಲದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆ ಇಲ್ಲಿ ಸಲ್ಲುತ್ತದೆ.

ಈ ಕಷ್ಟ ನಮ್ಮ ಊರಿಗೇ ಮೀಸಲೆಂದು ತಿಳಿಯಬೇಕಾಗಿಲ್ಲ. ಹೊರದೇಶಗಳ ಕೆಲವರು ಹವ್ಯಾಸಿಗಳು ‘ಪಂಡೋರಾ’ ಎಂಬ, ಲಿನಕ್ಸ್ ನಡೆಸುವ ಅಂಗೈ ಗಣಕವನ್ನು ಯೋಜಿಸಿದರು. ಮೊದಲ ಕಂತಿನಲ್ಲಿ ೪,೦೦೦ ಯಂತ್ರಗಳೆಂದು ಗೊತ್ತುಮಾಡಿ, ೨೦೦೮ರ ಸೆಪ್ಟೆಂಬರ್ ಕೊನೆಗೆ ಗಿರಾಕಿಗಳಿಂದ ಮುಂಗಡ ಹಣ ಪಡೆದರು. ಮೊದಲ ಯಂತ್ರಗಳು ಗಿರಾಕಿಗಳತ್ತ ಹೊರಟದ್ದು ೨೦೧೦ರ ಮೇ ತಿಂಗಳಲ್ಲಿ. ಅಲ್ಲಿ ಕೊಳ್ಳುವವರು ತಾವೇ ಹಣ ಕೊಟ್ಟು ವರ್ಷಗಟ್ಟಲೆ ಕಾಯಬಲ್ಲ ಉತ್ಸಾಹಿಗಳು. ನಮ್ಮ ಹಳ್ಳಿಯ ರೈತನು ಹಾಗೆ ಮುಂಗಡ ಕೊಟ್ಟು ಕಾಯಲಾರ. ಅವನ ಪರವಾಗಿ ಇನ್ನಾರಾದರೂ ಕೊಡಬೇಕಾಗಿತ್ತು.

ಹಾಗೆ ಕೊಡುವುದು ನಮ್ಮಲ್ಲಿ ಅಸಾಧ್ಯವೇನೂ ಆಗಿರಲಿಲ್ಲ. ಅಮಿಡಾ ಹೊರಬಂದ ೨೦೦೪ರ ಬೇಸಗೆಯಲ್ಲಿಯೇ ಲೋಕಸಭೆಗೆ ಚುನಾವಣೆ ನಡೆಯಿತು. ದೇಶದಾದ್ಯಂತ ಹತ್ತು ಲಕ್ಷಕ್ಕೂ ಮಿಕ್ಕ ವಿದ್ಯುನ್ಮಾನ ಮತಯಂತ್ರಗಳು ಬಳಕೆಯಾದುವು. ಅವನ್ನು ತಯಾರಿಸಿದ ಎರಡು ಸರ್ಕಾರಿ ಸಂಸ್ಥೆಗಳಲ್ಲಿ ಒಂದು ಇದೇ ಭಾರತ್ ಎಲೆಕ್ಟ್ರಾನಿಕ್ಸ್. ಮತಯಂತ್ರವೂ ಅಕ್ಷರ ಬಾರದವನನ್ನು ಮನಸ್ಸಿನಲ್ಲಿಟ್ಟೇ ಮಾಡಿದ್ದು: ಚಿಹ್ನೆಯ ಪಕ್ಕದ ಗುಂಡಿಯನ್ನು ಒತ್ತಿದರಾಯಿತು. ಅದೇ ಸಂಸ್ಥೆ, ಅದೇ ವರ್ಷ, ಅದೇ ಹಳ್ಳಿಗ. ಒಂದು ಯಂತ್ರ ಲಕ್ಷಗಟ್ಟಲೆಯಾಯಿತು, ಇನ್ನೊಂದು ಸಾವಿರಗಳಲ್ಲಿಯೇ ಉಳಿಯಿತು. ಮತಯಂತ್ರವನ್ನು ಕೊಳ್ಳುತ್ತೇವೆಂದು ಮೊದಲೇ ಮಾತು ಕೊಟ್ಟವರಿದ್ದರು. ಸಿಂಪ್ಯೂಟರನ್ನು ಕರ್ನಾಟಕ ಸರ್ಕಾರವು ಜಮೀನಿನ ದಾಖಲೆಯ ಕೆಲಸಕ್ಕೆ ಬಳಸಿ ನೋಡಿತಾದರೂ, ಅದು ಪ್ರಯೋಗದ ಹದವನ್ನು ಮೀರಿ ಬೆಳೆಯಲಿಲ್ಲ.

ನ್ಯಾಯಕ್ಕಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಸಿಂಪ್ಯೂಟರಿನ ಮೂಲ ನಕ್ಷೆಯಲ್ಲಿ ಹೊರಜಗತ್ತನ್ನು ಮುಟ್ಟಲು ಇದ್ದುದು ತಂತಿಯ ದೂರವಾಣಿಗೆ ಜೋಡಿಸುವ ಮೋಡೆಮ್. ಊರೂರಿಗೆ ಎಸ್‌ಟಿಡಿ ಬೂತುಗಳಿದ್ದ ಕಾಲಕ್ಕೆ ಅದು ವಿವೇಕದ ಆಯ್ಕೆಯೇ. ಆದರೆ ನಕ್ಷೆ ಯಂತ್ರವಾಗುವಷ್ಟರಲ್ಲಿ ಮೊಬೈಲ್ ಫೋನು ಹಳ್ಳಿಗೆ ಕಾಲಿಟ್ಟಿತು. ೨೦೦೩ರಲ್ಲಿ ಬಂದ, ಟಾರ್ಚು ಕೂಡಿದ್ದ ನೋಕಿಯಾ ೧೧೦೦ ಎಂಬ ಫೋನು ಲೋಕದಾದ್ಯಂತ ಇಪ್ಪತ್ತೈದು ಕೋಟಿ ಮಾರಿತು. ಮಾತನಾಡಲು ಬರುವುದೊಂದೇ ಅದರ ಹಿರಿಮೆ. ಜನಕ್ಕೆ ಅದೇ ಸಾಕಾಯಿತು. ಹಂಚಿಕೊಂಡು ಬಳಸಬೇಕಾದ ಯಂತ್ರವನ್ನು, ಒಬ್ಬೊಬ್ಬರೂ ಸ್ವಂತಕ್ಕೆ ಕೊಳ್ಳಬಲ್ಲ ಯಂತ್ರ ಹಿಂದೆ ಹಾಕಿತು.

ಹಾಗಾದರೆ ಸಿಂಪ್ಯೂಟರ್ ಸೋತಿತೆಂದು ಷರಾ ಬರೆದು ಮುಗಿಸಿಬಿಡಬಹುದೆ? ಪತ್ರಿಕೆಗಳು ಹಾಗೆ ಬರೆದದ್ದೂ ಉಂಟು. ನನ್ನ ಮನಸ್ಸು ಒಪ್ಪುವುದಿಲ್ಲ. ಅದರ ತರುವಾಯ ಬಂದ ಬೆಲೆಬಾಳುವ ಫೋನುಗಳಲ್ಲಿ ಮೊದಲ ಕೆಲವು ವರ್ಷ ಕನ್ನಡ ಅಕ್ಷರವಿರಬೇಕಾದ ಕಡೆ ಬರಿಯ ಖಾಲಿ ಚೌಕಗಳು ಕಾಣುತ್ತಿದ್ದುದು ಅನೇಕರಿಗೆ ನೆನಪಿರಬಹುದು. ಆ ಯಂತ್ರಗಳನ್ನು ರೂಪಿಸಿದವರ ಮೇಜಿನ ಮೇಲೆ ಕನ್ನಡವು ಕಟ್ಟಕಡೆಯ ಪುಟದಲ್ಲಿತ್ತು. ಸಿಂಪ್ಯೂಟರಿನವರಲ್ಲಿ ಅದು ಮೊದಲ ಪುಟದಲ್ಲಿತ್ತು: ಪರದೆ ಎಷ್ಟು ದೊಡ್ಡದಿರಬೇಕು, ಸ್ಮರಣೆ ಎಷ್ಟಿರಬೇಕು, ಕೀಲಿಮಣೆ ಬೇಕೆ ಬೇಡವೆ ಎಂಬ ನಿರ್ಧಾರಗಳನ್ನೆಲ್ಲ ನಮ್ಮ ಭಾಷೆಯ ಓದುಗನನ್ನೂ, ಓದಲಾರದವನನ್ನೂ ಎದುರಿಗಿಟ್ಟುಕೊಂಡು ಮಾಡಿದರು. ಇಂದು ಫೋನು ಕನ್ನಡದಲ್ಲಿ ಮಾತನಾಡುತ್ತದೆ, ಇಂಪಾಗಿಯೇ ಮಾತನಾಡುತ್ತದೆ, ಸಂತೋಷ. ಆದರೆ ನಮ್ಮ ನುಡಿಯ ಕೋಟ್ಯಂತರ ಜನರಿಗಿಂತಲೂ ಸಣ್ಣ ಗುಂಪಿನ ಭಾಷೆಯೊಂದರ ಪಾಡೇನು? ತುಳು, ಕೊಡವ, ಬ್ಯಾರಿ ಮಾತನಾಡುವವರು ಅದೇ ಕಡೆಯ ಪುಟದಲ್ಲಿ ಎಷ್ಟು ಕಾಲ ಕಾಯಬೇಕು?

ಕನ್ನಡದ ಪುಸ್ತಕೋದ್ಯಮವು ಉಸಿರಾಡುತ್ತಿರುವುದಕ್ಕೆ ಸಾರ್ವಜನಿಕ ಗ್ರಂಥಾಲಯಗಳ ಸಗಟು ಖರೀದಿಯೂ ಒಂದು ಕಾರಣವೆಂದು ಪ್ರಕಾಶಕರೇ ಹೇಳುತ್ತಾರೆ. ಅದರ ಲೋಪದೋಷಗಳೇನೇ ಇರಲಿ, ಇಷ್ಟು ಪ್ರತಿಗಳನ್ನು ಖಂಡಿತ ಕೊಳ್ಳುತ್ತೇವೆಂಬ ಭರವಸೆಯೇ ಎಷ್ಟೋ ಕವನಸಂಕಲನಗಳನ್ನು ಅಚ್ಚಿನ ಮನೆಯವರೆಗೆ ತಂದಿದೆ. ಶಾಲೆ, ಗ್ರಂಥಾಲಯ, ಪಂಚಾಯಿತಿಗಳಿಗಾಗಿ ಯಂತ್ರಗಳನ್ನು ಕೊಳ್ಳುವಾಗಲೂ ಇಂಥ ಭರವಸೆಯನ್ನು ತೆರೆದ ನಕ್ಷೆಗೆ ಕೊಡಲು ಬಾರದೆ? ಮುಂದೆ ಯಾವ ಊರಿನಲ್ಲಾದರೂ ನಾಲ್ವರು ಅಧ್ಯಾಪಕರು ಕುಳಿತು ನಮ್ಮ ಜನಕ್ಕಾಗಿ ಒಂದು ಯಂತ್ರವನ್ನು ರೂಪಿಸಿದರೆ, ಅದನ್ನು ಹೊಗಳಿ ಲೇಖನ ಬರೆಯುವವರು ಬೇಕಾದಷ್ಟು ಮಂದಿ ಸಿಕ್ಕುತ್ತಾರೆ. ಮೊದಲ ಸಾವಿರವನ್ನು ಕೊಳ್ಳುವವರು ಯಾರೆಂಬುದನ್ನು ನಕ್ಷೆ ಬರೆಯುವ ದಿನವೇ ಗೊತ್ತುಮಾಡಿಕೊಳ್ಳುವುದು ಲೇಸು.