ಓಬವ್ವನ ಕಿಂಡಿಯೂ ಒಂದೇ ಬಟನ್ನಿನ ಆಟವೂ

ದುರ್ಗದ ಕೋಟೆಯನ್ನು ಎಷ್ಟು ಸಲ ಹತ್ತಿದ್ದೇನೋ ಲೆಕ್ಕವಿಲ್ಲ. ಊರಿಗೆ ಬಂದ ನೆಂಟರನ್ನೆಲ್ಲ ಓಬವ್ವನ ಕಿಂಡಿಯ ಮುಂದೆ ನಿಲ್ಲಿಸಿ ಅದೇ ಕಥೆ ಹೇಳುತ್ತೇನೆ. ಕಾವಲಿನ ಗಂಡ ಊಟಕ್ಕೆ ಕೂತಿದ್ದ, ಓಬವ್ವ ನೀರಿಗೆ ಬಂದಳು, ಬಂಡೆಯ ಸಂದಿನಲ್ಲಿ ಹೈದರಾಲಿಯ ಸೈನಿಕರ ಸದ್ದು ಕೇಳಿತು, ಒನಕೆ ತಂದು ನಿಂತಳು. ಹೋದ ವರ್ಷ ಮದಕರಿಪುರದಿಂದ ತಂಗಿಯ ಮಗನನ್ನು ಕರೆದುಕೊಂಡು ಹೋಗಿದ್ದೆ. ಅವನು ಕಥೆಗೆ ಕಿವಿಯನ್ನೇ ಕೊಡಲಿಲ್ಲ. ಕಿಂಡಿಯಲ್ಲಿ ತೂರಿ ಆ ಕಡೆ ಹೋಗಿ, ಬಗ್ಗಿಕೊಂಡೇ ವಾಪಸು ಬಂದು, "ಮಾಮ, ಇಲ್ಲಿ ಒಬ್ರ ಹಿಂದೆ ಒಬ್ರೇ ಬರ್ಬೇಕು. ತಲೆನೇ ಮೊದ್ಲು ಬರುತ್ತೆ. ಇದು ಒಂದೇ ಬಟನ್ನಿನ ಗೇಮು" ಅಂದ.

ಸಿಟ್ಟು ಬಂತು. ಊರಿನ ತಾಯಿಯ ಕಥೆಯನ್ನು ಗೇಮು ಅನ್ನುತ್ತಾನಲ್ಲ ಅಂತ. ಇಳಿದು ಬರುವಷ್ಟರಲ್ಲಿ ಸಿಟ್ಟೂ ಇಳಿದಿತ್ತು. ನಾನು ನೂರು ಸಲ ನೋಡಿಯೂ ಗಮನಿಸದ್ದನ್ನು ಹುಡುಗ ಒಂದೇ ಸಲಕ್ಕೆ ಕಂಡಿದ್ದ. ಓಬವ್ವನಿಗೆ ಬಲ ಕೊಟ್ಟದ್ದು ಒನಕೆಯಷ್ಟೇ ಅಲ್ಲ, ಆ ಜಾಗದ ಅಳತೆ.

ಕಿಂಡಿಯನ್ನೇ ಗೇಮು ಮಾಡುತ್ತೇನೆ ಎಂದು ಅವನು ಹೊರಟದ್ದು ಅವನ ಅಮ್ಮನಿಗೆ ಮಾತ್ರ ತಲೆನೋವು. "ಓದೋದು ಬಿಟ್ಟು ಗೇಮು ಅಂತಾನೆ, ನೀನಾದ್ರೂ ಬುದ್ಧಿ ಹೇಳಣ್ಣ" ಎಂದು ಗೋಳು. ನಮ್ಮ ಕಡೆ ಗೇಮ್ ಎಂದರೆ ಮೊಬೈಲಿನ ರಮ್ಮಿ, ಬಿತ್ತನೆಗೆ ತಂದ ಸಾಲ ಅದರಲ್ಲಿ ಹೋಯಿತು ಎನ್ನುವ ಸುದ್ದಿ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಗೆ 2025ರ ಆಗಸ್ಟಿನಲ್ಲಿ ಸಂಸತ್ತು ಒಪ್ಪಿಗೆ ಕೊಟ್ಟಿತು. ಹುಡುಗ ಹೇಳುವ ಗೇಮು ಅದಲ್ಲ. ಒಬ್ಬರೋ ಇಬ್ಬರೋ ಕೂತು, ದೊಡ್ಡ ಕಂಪನಿಯ ಹಂಗಿಲ್ಲದೆ, ಚಿತ್ರ, ಸದ್ದು, ಕೋಡ್ ಎಲ್ಲವನ್ನೂ ತಾವೇ ಕಟ್ಟುವ ಆಟ. ಜಗತ್ತು ಅದನ್ನು ಇಂಡೀ ಗೇಮ್ ಎನ್ನುತ್ತದೆ. ಸ್ವತಂತ್ರ ಆಟ ಎಂದರೂ ಆದೀತು.

ಈ ಕೆಲಸಕ್ಕೆ ಬೇಕಾದ ಮೊದಲ ಸಾಮಾನು ಇಂಜಿನ್. ಗೊಂಬೆ ನೆಲಕ್ಕೆ ಬೀಳಬೇಕು, ಗೋಡೆಗೆ ತಾಗಿದರೆ ನಿಲ್ಲಬೇಕು, ಬೆರಳು ಒತ್ತಿದರೆ ಕೈ ಏಳಬೇಕು. ಎಲ್ಲ ಆಟಕ್ಕೂ ಬೇಕಾಗುವ ಇಂಥವನ್ನು ಪ್ರತಿ ಸಲ ಮೊದಲಿನಿಂದ ಬರೆಯುತ್ತಾ ಕೂರದಿರಲಿ ಎಂದು ಒಟ್ಟು ಮಾಡಿಟ್ಟ ತಂತ್ರಾಂಶ ಅದು. ಹೆಸರುವಾಸಿಯಾದವು ಯೂನಿಟಿ ಮತ್ತು ಅನ್‌ರಿಯಲ್. ಎರಡನ್ನೂ ಕಲಿಯುವವರು ಪುಕ್ಕಟೆಯಾಗಿ ಬಳಸಬಹುದು. ಆದರೆ ಪುಕ್ಕಟೆ ಎಂಬ ಮಾತು ಯಾವಾಗ ಬದಲಾಗುತ್ತದೋ ಹೇಳಲಾಗದು. 2023ರ ಸೆಪ್ಟೆಂಬರಿನಲ್ಲಿ ಯೂನಿಟಿಯವರು, ಆಟವೊಂದು ಒಂದು ಮಿತಿ ದಾಟಿದ ಮೇಲೆ ಅದರ ಪ್ರತಿ ಇನ್‌ಸ್ಟಾಲಿಗೂ ಶುಲ್ಕ ಎಂದು ಘೋಷಿಸಿದರು. ಪ್ರಪಂಚದ ಸಣ್ಣಪುಟ್ಟ ತಯಾರಕರೆಲ್ಲ ತಿರುಗಿಬಿದ್ದರು. ವರ್ಷ ಕಳೆಯುವಷ್ಟರಲ್ಲಿ ಆ ಶುಲ್ಕವನ್ನು ಕೈಬಿಟ್ಟರು, ನಿಜ. ಅಷ್ಟರಲ್ಲಿ ಬಹಳ ಮಂದಿ ಗೊಡೊ ಎಂಬ ಇನ್ನೊಂದು ಇಂಜಿನ್ನಿನ ಕಡೆ ಹೊರಳಿದ್ದರು.

ಈ ಗೊಡೊ ಅರ್ಜೆಂಟೀನಾದ ಇಬ್ಬರು, ಹ್ವಾನ್ ಲಿನಿಯೆಟ್‌ಸ್ಕಿ ಮತ್ತು ಏರಿಯೆಲ್ ಮನ್ಸೂರ್, ಕಟ್ಟಿದ್ದು. 2014ರಲ್ಲಿ ಅದರ ಕೋಡನ್ನು ಎಲ್ಲರಿಗೂ ತೆರೆದಿಟ್ಟರು. ಹೆಸರು ಬೆಕೆಟ್‌ನ ನಾಟಕದ್ದು, ಎಷ್ಟು ಕಾದರೂ ಬಾರದವನದು. ಈ ಗೊಡೊ ಮಾತ್ರ ಕಾಯಿಸುವುದಿಲ್ಲ. ಇಳಿಸಿಕೊಳ್ಳುವ ಫೈಲು ನೂರು ಎಂಬಿಯನ್ನೂ ಮುಟ್ಟುವುದಿಲ್ಲ, ಇನ್‌ಸ್ಟಾಲ್ ಮಾಡುವ ರಗಳೆಯಿಲ್ಲ, ಬಿಚ್ಚಿ ತೆರೆದರೆ ಕೆಲಸ ಶುರು. ಹುಡುಗನ ಹಳೆಯ ಲ್ಯಾಪ್‌ಟಾಪಿನಲ್ಲೂ ಓಡಿತು. ಇದರಲ್ಲಿ ಪ್ರತಿಯೊಂದೂ ಒಂದು ನೋಡ್. ಓಬವ್ವ ಎಂಬ ನೋಡ್ ತಾಯಿಯಾದರೆ ಅವಳ ಚಿತ್ರ, ಕೈಯ ಒನಕೆ, ಏಟಿನ ಸದ್ದು, ಏಟು ತಾಗಿತೋ ಇಲ್ಲವೋ ಎಂದು ನೋಡುವ ಚೌಕ, ಎಲ್ಲ ಅವಳ ಮಕ್ಕಳು. ತಾಯಿಯನ್ನು ಸರಿಸಿದರೆ ಮಕ್ಕಳೂ ಜೊತೆಗೆ ಸರಿಯುತ್ತವೆ. ಕೂಡು ಕುಟುಂಬ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನನಗೆ ಗೊಡೊ ಇಷ್ಟವಾದದ್ದು ಬೇರೆ ಕಾರಣಕ್ಕೆ. ಹಿಂದೆ ಗೇಮ್ ಇಂಜಿನ್‌ಗಳಲ್ಲಿ ಕನ್ನಡ ಬರೆಸುವುದು ದೊಡ್ಡ ಪಾಡು. 'ದುರ್ಗ' ಎಂದು ಬರೆದರೆ ಅರ್ಕಾವೊತ್ತು ಎಲ್ಲೋ ಹೋಗಿ ಕೂರುತ್ತಿತ್ತು, ಒತ್ತಕ್ಷರಗಳು ಬಿಡಿಬಿಡಿಯಾಗಿ ಉದುರಿರುತ್ತಿದ್ದವು. 2023ರ ಮಾರ್ಚಿನಲ್ಲಿ ಬಂದ ಗೊಡೊ 4ರಲ್ಲಿ ಭಾರತೀಯ ಲಿಪಿಗಳನ್ನು ಸರಿಯಾಗಿ ಜೋಡಿಸುವ ವ್ಯವಸ್ಥೆ ಇದೆ. ನೋಟೊ, ಬಾಲೂ ತಮ್ಮ, ಬೆಣ್ಣೆ, ಹುಬ್ಬಳ್ಳಿ ಎಂಬ ಮುಕ್ತ ಫಾಂಟುಗಳಲ್ಲಿ ಯಾವುದನ್ನಾದರೂ ಹಾಕಿ ನೋಡಿ. ಪರದೆಯ ಮೇಲೆ 'ದುರ್ಗ' ದುರ್ಗವಾಗಿಯೇ ಕಂಡಾಗ, ಸುಳ್ಳೇಕೆ, ನನಗೆ ಅವನಿಗಿಂತ ಹೆಚ್ಚು ಖುಷಿಯಾಯಿತು.

ಉಳಿದ ಸಾಮಾನುಗಳೂ ಹೀಗೆಯೇ ಸಿಗುತ್ತವೆ. ಚಿತ್ರಕ್ಕೆ ಕ್ರೀಟಾ, ಸದ್ದಿಗೆ ಆಡಾಸಿಟಿ, ಮೂರು ಆಯಾಮದ ಗೊಂಬೆಗೆ ಬ್ಲೆಂಡರ್. ಬ್ಲೆಂಡರ್ ಡಚ್ಚರ ಟಾನ್ ರೂಸೆಂಡಾಲ್ ಕಟ್ಟಿದ್ದು. ಕಂಪನಿ ಮುಚ್ಚಿದಾಗ ಹಕ್ಕು ಬಿಡಿಸಿಕೊಳ್ಳಲು 1 ಲಕ್ಷ ಯೂರೋ ಬೇಕಿತ್ತು. 2002ರಲ್ಲಿ ಬಳಸುವವರೇ ಏಳು ವಾರದಲ್ಲಿ ಚಂದಾ ಎತ್ತಿ ಅದನ್ನು ಮುಕ್ತಗೊಳಿಸಿದರು. 2025ರಲ್ಲಿ ಆಸ್ಕರ್ ಗೆದ್ದ ಲಾಟ್ವಿಯಾದ 'ಫ್ಲೋ' ಎಂಬ ಅನಿಮೇಷನ್ ಚಿತ್ರ ತಯಾರಾದದ್ದು ಇದರಲ್ಲೇ. ಒನಕೆಯ ಸದ್ದಿಗಂತೂ ತಂತ್ರಾಂಶವೇ ಬೇಕಾಗಲಿಲ್ಲ. ನಮ್ಮಮ್ಮನ ಹಳೆಯ ಒನಕೆ ಅಟ್ಟದಲ್ಲಿತ್ತು. ಭತ್ತದ ಮೂಟೆಗೆ ಬಡಿದು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡ.

ಸಾಮಾನಿಗೆ ಬರವಿಲ್ಲ ಎಂದಾಯಿತು. ಕಷ್ಟವಿರುವುದು ಆಟ ಯಾವುದು ಎಂದು ನಿರ್ಧರಿಸುವುದರಲ್ಲಿ. ಹೊಸಬರು ಎಡವುವುದು ಇಲ್ಲೇ. ಏಳು ಸುತ್ತಿನ ಕೋಟೆ, ಆನೆ, ಕುದುರೆ, ಮದಕರಿ ನಾಯಕನ ಪೂರ್ತಿ ಚರಿತ್ರೆ ಎಂದು ಹೊರಟು ಮೊದಲ ಬಾಗಿಲಲ್ಲೇ ಕೂತುಬಿಡುತ್ತಾರೆ. ವಿಯೆಟ್ನಾಮಿನ ಡಾಂಗ್ ನ್ಗುಯೆನ್ 2013ರಲ್ಲಿ ಒಬ್ಬನೇ ಮಾಡಿದ 'ಫ್ಲ್ಯಾಪಿ ಬರ್ಡ್'ನಲ್ಲಿ ಆಡುವವನಿಗಿದ್ದ ಕೆಲಸ ಬೆರಳು ತಾಗಿಸುವುದೊಂದೇ. ಹುಡುಗನ ಆಟವೂ ಅಷ್ಟೇ. ಕಿಂಡಿಯಲ್ಲಿ ತಲೆ ಕಂಡಾಗ ಒತ್ತಬೇಕು. ಬೇಗ ಒತ್ತಿದರೆ ಒನಕೆ ಬಂಡೆಗೆ, ತಡವಾದರೆ ಸೈನಿಕ ಎದ್ದು ನಿಲ್ಲುತ್ತಾನೆ.

ಮೊದಲ ಸಲ ಆಡಿದಾಗ ಎರಡು ನಿಮಿಷಕ್ಕೆ ಬೇಸರ ಬಂತು. ಆಗ ನೆನಪಿಗೆ ಬಂದದ್ದು ನಾನೇ ಹೇಳುತ್ತಿದ್ದ ಕಥೆಯ ಉಳಿದ ಭಾಗ. ಓಬವ್ವ ಹೆಣಗಳನ್ನು ಪಕ್ಕಕ್ಕೆ ಎಳೆದು ಹಾಕುತ್ತಿದ್ದಳಲ್ಲ, ಹಿಂದಿನವನಿಗೆ ಗೊತ್ತಾಗದ ಹಾಗೆ? ಅದು ಸೇರಿತು. ಏಟು ಹೊಡೆದ ಮೇಲೆ ಎಳೆಯಲು ಪುರುಸೊತ್ತು ಬೇಕು, ಅಷ್ಟರಲ್ಲಿ ಮುಂದಿನ ತಲೆ. ಹೊತ್ತು ತೋರಿಸಲು ಗಡಿಯಾರ ಬೇಡ, ಗಂಡನ ಊಟ ಸಾಕು ಅಂದೆ. ಪರದೆಯ ಮೂಲೆಯಲ್ಲಿ ತಟ್ಟೆ, ಅದರಲ್ಲಿ ರಾಗಿಮುದ್ದೆ ಸ್ವಲ್ಪಸ್ವಲ್ಪವೇ ಕರಗುತ್ತದೆ. ಮುದ್ದೆ ಮುಗಿಯುವವರೆಗೆ ತಡೆದರೆ ಗಂಡ ಎದ್ದು ಬಂದು ಕಹಳೆ ಊದುತ್ತಾನೆ. ಈಗ ಅದು ಆಟವಾಯಿತು. ದುರ್ಗದ ಬಾಗಿಲುಗಳನ್ನೇ ನೋಡಿ, ಒಂದಾದ ಮೇಲೊಂದು ತಿರುವಿಟ್ಟು ಕಟ್ಟಿದ್ದಾರೆ, ನುಗ್ಗಿ ಬಂದವರ ರಭಸ ಮುರಿಯಲಿ ಎಂದು. ಇವತ್ತಿನವರು ಲೆವೆಲ್ ಡಿಸೈನ್ ಎಂದು ಕಲಿಯುವ ವಿದ್ಯೆ ನಮ್ಮ ನಾಯಕರ ಕಾಲದ ಕಲ್ಲುಕುಟಿಗರಿಗೆ ಗೊತ್ತಿತ್ತು.

ಆಟ ಕಟ್ಟುವುದೇನೂ ನಮಗೆ ಹೊಸದಲ್ಲ. ಚೌಕಾಬಾರ, ಹುಲಿ-ಕುರಿ, ಅಳಗುಳಿಮಣೆ ಇರಲಿ, ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಸ್ವತಃ ಆಟ ರಚಿಸುವ ಹುಚ್ಚು ಹಚ್ಚಿಕೊಂಡಿದ್ದವರು. ಚದುರಂಗದ ಕುದುರೆಯನ್ನು ಅರವತ್ನಾಲ್ಕೂ ಮನೆಗಳಲ್ಲಿ ಒಂದೊಂದೇ ಸಲ ನಡೆಸುವ ಸಮಸ್ಯೆಯನ್ನು ಬಿಡಿಸಿದ್ದರು. ಅವರು ರೂಪಿಸಿದ ಗಂಜೀಫಾ ಕಟ್ಟುಗಳಲ್ಲಿ ಮುನ್ನೂರಕ್ಕೂ ಹೆಚ್ಚು ಎಲೆಗಳ ಕಟ್ಟೂ ಇತ್ತು. ಅಷ್ಟು ಎಲೆ ಕೈಯಲ್ಲಿ ಹಿಡಿದು ಆಡಿದವರ ಪಾಡು ಬೇರೆ ವಿಷಯ.

ಅರಸರಿಗೆ ಜೊತೆಗೆ ಆಡಲು ಆಸ್ಥಾನವಿತ್ತು. ಮದಕರಿಪುರದ ಹುಡುಗನಿಗೆ ಇಲ್ಲದಿರುವುದು ಆ ಜೊತೆ. ಅದಕ್ಕೇ ಜಗತ್ತಿನಾದ್ಯಂತ ಗೇಮ್ ಜಾಮ್ ಎಂಬ ಪದ್ಧತಿ ಬೆಳೆದಿದೆ. ವಿಷಯವನ್ನು ಆ ಹೊತ್ತಿಗೇ ಹೇಳುತ್ತಾರೆ, ಎರಡು ಮೂರು ದಿನದಲ್ಲಿ ಒಂದು ಆಟ ಮಾಡಿ ಮುಗಿಸಬೇಕು. ಲುಡುಮ್ ಡೇರ್ 2002ರಿಂದ, ಗ್ಲೋಬಲ್ ಗೇಮ್ ಜಾಮ್ 2009ರಿಂದ ನಡೆಯುತ್ತಿವೆ. ಮೊದಲನೆಯದಕ್ಕೆ ಮನೆಯಲ್ಲೇ ಕೂತು ಸೇರಬಹುದು. ಎರಡನೆಯದು ಪ್ರತಿ ಜನವರಿಯಲ್ಲಿ ಬೇರೆ ಬೇರೆ ಊರುಗಳ ಕಾಲೇಜು, ಕಚೇರಿಗಳಲ್ಲಿ ಜನ ಸೇರಿಸುತ್ತದೆ. ಬೆಂಗಳೂರಿನಲ್ಲೂ ನಡೆದಿದೆ. ಕೆಟ್ಟದ್ದಾದರೂ ಸರಿ, ಮುಗಿಸಿದ ಆಟವೊಂದು ಕೈಯಲ್ಲಿರುತ್ತದೆ. 2021ರ ಲುಡುಮ್ ಡೇರ್‌ನಲ್ಲಿ 'ಆಳಕ್ಕೆ, ಇನ್ನೂ ಆಳಕ್ಕೆ' ಎಂಬ ವಿಷಯಕ್ಕೆ ಮಾಡಿದ ನೆಲ ಅಗೆಯುವ ಪುಟ್ಟ ಆಟವೇ ಮರುವರ್ಷ 'ಡೋಮ್ ಕೀಪರ್' ಎಂಬ ಹೆಸರಿನಲ್ಲಿ ಮಾರಾಟಕ್ಕೆ ಬಂತು. ಅದೂ ಗೊಡೊದಲ್ಲಿ ಮಾಡಿದ್ದೇ.

ದೊಡ್ಡ ಸಮಾವೇಶಗಳದು ಇನ್ನೊಂದು ಬಗೆ. ಅಮೆರಿಕದ ಗೇಮ್ ಡೆವಲಪರ್ಸ್ ಕಾನ್ಫರೆನ್ಸ್ ಶುರುವಾದದ್ದು 1988ರಲ್ಲಿ, ಕ್ರಿಸ್ ಕ್ರಾಫರ್ಡ್ ಎಂಬವರ ಮನೆಯ ಹಜಾರದಲ್ಲಿ. ಸೇರಿದ್ದವರು ಮೂವತ್ತು ಜನರೂ ಅಲ್ಲ. ಈಗ ಸಾವಿರಾರು ಮಂದಿ. ನಮ್ಮ ದೇಶದ ಐಜಿಡಿಸಿ ಹಲವು ವರ್ಷ ಹೈದರಾಬಾದಿನಲ್ಲಿ ನಡೆದಿದೆ. ಬೆಂಗಳೂರಿನಲ್ಲಿ ಗೇಮ್, ಅನಿಮೇಷನ್‌ನವರೆಲ್ಲ ಸೇರುವ ಗ್ಯಾಫೆಕ್ಸ್ ಇದೆ. ಬೆಂಗಳೂರಿಗೆ ಈ ಉದ್ಯಮ ಹಳೆಯದು. ರಾಜೇಶ್ ರಾವ್ ಅವರ ಧ್ರುವ ಇಂಟರಾಕ್ಟಿವ್ 1997ರಲ್ಲೇ ಶುರುವಾಗಿತ್ತು. 2019ರಲ್ಲಿ ರಾಕ್‌ಸ್ಟಾರ್ ಎಂಬ ಗೇಮ್ ಕಂಪನಿ ಅದನ್ನು ಕೊಂಡಿತು. ಅನಿಮೇಷನ್ ಮತ್ತು ಗೇಮಿಂಗಿಗೆಂದೇ ನೀತಿಯೊಂದನ್ನು 2012ರಲ್ಲಿ ತಂದ ದೇಶದ ಮೊದಲ ರಾಜ್ಯವೂ ನಮ್ಮದೇ. ಆ ನೀತಿಯ ನೆರಳು ಇನ್ನೂರು ಕಿಲೋಮೀಟರ್ ಆಚೆಯ ದುರ್ಗದ ಮೇಲೆ ಅಷ್ಟಾಗಿ ಬಿದ್ದಿಲ್ಲ ಎಂಬುದು ನನ್ನ ತಕರಾರು. ಜಿಲ್ಲೆಯ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ವರ್ಷಕ್ಕೊಂದು ಜಾಮ್ ನಡೆಸಲು ಬೇಕಾದದ್ದು ಒಂದು ಸಭಾಂಗಣ, ಕರೆಂಟು, ಎರಡು ರಾತ್ರಿಯ ಚಿತ್ರಾನ್ನ.

ಊರಿನ ವಿಷಯವಾದರೆ ಯಾರು ಆಡುತ್ತಾರೆ ಎಂಬ ಹಿಂಜರಿಕೆ ಬೇಡ. ಕೆನಡಾಕ್ಕೆ ಹೋದ ತಮಿಳು ತಾಯಿಯೊಬ್ಬಳ ಅಡುಗೆಯ ಸುತ್ತ ಕಟ್ಟಿದ 'ವೆಣ್ಬಾ' 2024ರಲ್ಲಿ ಬಾಫ್ಟಾ ಪ್ರಶಸ್ತಿ ಗೆದ್ದಿತು. ಅಮೆರಿಕದ ಎರಿಕ್ ಬರೋನ್ ನಾಲ್ಕು ವರ್ಷ ಒಬ್ಬನೇ ಕೂತು ಮಾಡಿದ ಬೇಸಾಯದ ಆಟ 'ಸ್ಟಾರ್‌ಡ್ಯೂ ವ್ಯಾಲಿ' 4 ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಗಿದೆ. ಅದರಲ್ಲಿ ಮಳೆ ಹೇಳಿದ ಹಾಗೆ ಬರುತ್ತದೆ. ಚಳ್ಳಕೆರೆಯ ಶೇಂಗಾ ಹೊಲದ ಆಟ ಬೇರೆಯೇ ಇರಬೇಕು. ಬೋರ್‌ವೆಲ್ ಎಷ್ಟು ಅಡಿ ಕೊರೆಸುವುದು, ಎಲ್ಲಿಗೆ ನಿಲ್ಲಿಸುವುದು ಎಂಬುದೇ ಅದರ ಜೂಜು. 1933ರಲ್ಲಿ ಕೋಡಿ ಬಿದ್ದ ಮಾರಿಕಣಿವೆ ಜಲಾಶಯ ಮತ್ತೆ ಕೋಡಿ ಬೀಳಲು 2022ರವರೆಗೆ ಕಾದ ಜನ ನಾವು. ಇದನ್ನು ನಮ್ಮಲ್ಲೇ ಯಾರಾದರೂ ಮಾಡಬೇಕು.

ಆಟ ಮುಗಿದ ಮೇಲೆ ಇಡಬಹುದಾದ ಅಂಗಡಿಗಳಲ್ಲಿ ಮೂರನ್ನು ಹೇಳುತ್ತೇನೆ. ಇಚ್ ಡಾಟ್ ಐಓನಲ್ಲಿ ಇಡಲು ದುಡ್ಡು ಕೊಡಬೇಕಿಲ್ಲ. ಸ್ಟೀಮ್‌ನಲ್ಲಿ ಒಂದೊಂದು ಆಟಕ್ಕೆ 100 ಡಾಲರ್. ಗೂಗಲ್ ಪ್ಲೇಯಲ್ಲಿ ಒಮ್ಮೆ 25 ಡಾಲರ್ ಕಟ್ಟಿ ಖಾತೆ ತೆರೆಯಬೇಕು, ಆದರೆ ಹೊಸದಾಗಿ ಸ್ವಂತ ಹೆಸರಿನಲ್ಲಿ ಖಾತೆ ತೆರೆದವರಿಗೆ ಒಂದು ನಿಯಮವಿದೆ. ಕನಿಷ್ಠ 12 ಜನ ಪರೀಕ್ಷಕರು ಸತತ 14 ದಿನ ಆ ಆಟದ ಪಟ್ಟಿಯಲ್ಲಿ ಉಳಿದಿರಬೇಕು, ಆಮೇಲಷ್ಟೇ ಅಂಗಡಿಯ ಬಾಗಿಲು.

ಓಬವ್ವನ ಆಟಕ್ಕೆ ಮದಕರಿಪುರದಲ್ಲಿ ಈವರೆಗೆ ಒಂಬತ್ತು ಜನ ಸಿಕ್ಕಿದ್ದಾರೆ, ಹುಡುಗನ ಅಮ್ಮನೂ ಸೇರಿ. ಆಂಡ್ರಾಯ್ಡ್ ಫೋನಿರುವ ಇನ್ನೂ ಮೂವರು ಬೇಕು.