ಮೊದಲ ಸರದಿಯ ಬೆಲೆ

ಬೇಸಗೆಯಲ್ಲಿ ಐಪಿಎಲ್ ಪಂದ್ಯಗಳು ಆರಂಭವಾದುವೆಂದರೆ ಜಯನಗರ, ಬನಶಂಕರಿಗಳ ಮನೆಗಳಲ್ಲಿ ಊಟದ ಹೊತ್ತಿನ ಮಾತೆಲ್ಲವೂ ಕ್ರಿಕೆಟ್ಟಿನದೇ. ನೋಡುವುದರಿಂದಲೇ ತೃಪ್ತರಾಗದ ಮಕ್ಕಳು ತಮ್ಮದೇ ಕಲ್ಪನೆಯ ತಂಡಗಳನ್ನು ಕಟ್ಟಿಕೊಳ್ಳುವುದುಂಟು. ಸರದಿಯ ಮೇಲೆ ಒಬ್ಬೊಬ್ಬ ಆಟಗಾರನನ್ನು ಆರಿಸಿಕೊಂಡು, ಆತನು ನಿಜವಾದ ಪಂದ್ಯದಲ್ಲಿ ಪಡೆದ ಓಟ, ವಿಕೆಟ್ಟುಗಳಿಗೆ ಅಂಕಗಳನ್ನು ಎಣಿಸುವರು. ಫ್ಯಾಂಟಸಿ ಲೀಗ್ ಎಂಬುದು ಇದೇ. ಅಂತರ್ಜಾಲದಲ್ಲಿ ಹಣವನ್ನೊಡ್ಡಿ ಆಡುವ ಆಟಗಳನ್ನು 2025ರ ಆಗಸ್ಟಿನಲ್ಲಿ ಸಂಸತ್ತು ಕಾಯಿದೆಯ ಮೂಲಕ ನಿಷೇಧಿಸಿತು. ಕಾಗದ ಪೆನ್ಸಿಲುಗಳಿಂದ, ಹಣದ ಸೋಂಕಿಲ್ಲದೆ ಮನೆಮಂದಿ ಆಡುವುದು ಬೇರೆಯ ಮಾತು.

ಆದರೆ ಇಲ್ಲಿಯೂ ಮನಸ್ತಾಪಕ್ಕೆ ಎಡೆಯುಂಟು. ಹಿರಿಯ ಮಗನು ಕಿರಿಯವಳ ಮೊದಲ ಸರದಿಯನ್ನು ಸವಿಮಾತಿನಿಂದ ಅಗ್ಗವಾಗಿ ಪಡೆದುಕೊಳ್ಳುವನು. ತಿಳಿದ ಮೇಲೆ ಅವಳು ಅಳುವಳು. ಆದುದರಿಂದ ಸರದಿಯ ಬೆಲೆಯನ್ನು ಅರಿತಿರುವುದು ಹಿರಿಯರಿಗೂ ಅವಶ್ಯಕ.

ಸರದಿಯ ಬೆಲೆಯು ಆಟಗಾರನ ಹೆಸರಿನಲ್ಲಿಲ್ಲ. ಈಗ ದೊರೆಯುವವನಿಗೂ ನಮ್ಮ ಮುಂದಿನ ಸರದಿಗೆ ಉಳಿಯುವವನಿಗೂ ಇರುವ ಅಂತರದಲ್ಲಿದೆ. ಅಣ್ಣ ತಂಗಿಯರಿಬ್ಬರೇ ಆಡುತ್ತಿರುವರೆನ್ನೋಣ. ಒಬ್ಬೊಬ್ಬರಿಗೆ ಒಬ್ಬ ದಾಂಡಿಗನೂ ಒಬ್ಬ ಆಲ್‌ರೌಂಡರನೂ ಬೇಕು. ಅಣ್ಣನು ಒಬ್ಬನನ್ನು, ಅನಂತರ ತಂಗಿಯು ಇಬ್ಬರನ್ನು, ಕಡೆಗೆ ಅಣ್ಣನು ಇನ್ನೊಬ್ಬನನ್ನು ಆರಿಸತಕ್ಕದ್ದು. ದಾಂಡಿಗರ ಯೋಗ್ಯತೆ 60 ಮತ್ತು 58 ಅಂಕ. ಆಲ್‌ರೌಂಡರುಗಳದು 55 ಮತ್ತು 40. ಅಣ್ಣನು ಹೆಸರಿಗೆ ಮರುಳಾಗಿ 60ರವನನ್ನು ಹಿಡಿದರೆ ತಂಗಿಗೆ 55, 58 ಸೇರಿ 113. ಅವನಿಗೆ 100 ಮಾತ್ರ. 55ರವನನ್ನೇ ಮೊದಲು ಆರಿಸಿದ್ದರೆ 113 ಅವನದಾಗುತ್ತಿತ್ತು. ಎರಡನೆಯ ಆಲ್‌ರೌಂಡರನ ಯೋಗ್ಯತೆ 54 ಆಗಿದ್ದರೆ ಮೊದಲ ಸರದಿಯಿಂದ ಬರುವ ಲಾಭ ಒಂದೇ ಅಂಕ. ಅಂತಹ ಸರದಿಯನ್ನು ಧಾರಾಳವಾಗಿ ಬಿಟ್ಟುಕೊಟ್ಟು ಬೇರೊಂದನ್ನು ಕೇಳಬಹುದು.

ದೊಡ್ಡವರೂ ಈ ಲೆಕ್ಕವನ್ನು ಮಾಡಬೇಕಾಗಿ ಬಂದಿತ್ತು. ಐಪಿಎಲ್ಲಿನ ಮೊದಲ ವರ್ಷವಾದ 2008ರಲ್ಲಿ ಹತ್ತೊಂಬತ್ತು ವರ್ಷದೊಳಗಿನ ತಂಡದ ಹುಡುಗರನ್ನು ಹರಾಜಿಗಿಡದೆ ಸರದಿಯ ಮೇಲೆಯೇ ಹಂಚಿದರು. ಬೆಂಗಳೂರಿಗಿಂತ ಮುಂಚೆ ಆರಿಸಿದ ದೆಹಲಿಯವರಿಗೆ ಸೆಹವಾಗ್, ಗಂಭೀರರಂತಹ ದಾಂಡಿಗರು ಆಗಲೇ ಇದ್ದರು. ಅವರು ಬೌಲರ್ ಪ್ರದೀಪ್ ಸಾಂಗ್ವಾನರನ್ನು ಆರಿಸಿಕೊಂಡರು. ದೆಹಲಿಯವರೇ ಆದ ವಿರಾಟ್ ಕೊಹ್ಲಿ ಬೆಂಗಳೂರಿನ ಪಾಲಿಗೆ ಬಂದರು. 2016ರ ಒಂದೇ ಋತುವಿನಲ್ಲಿ 973 ಓಟಗಳನ್ನು ಹೊಡೆದರು. 2025ರಲ್ಲಿ ತಂಡವು ಮೊದಲ ಬಾರಿ ಕಪ್ಪನ್ನು ಗೆದ್ದಾಗಲೂ ಇಲ್ಲಿಯೇ ಇದ್ದರು. ದೆಹಲಿಯವರು ಅಂದಿನ ಕೊರತೆಯನ್ನು ನೋಡಿದುದು ಅವಿವೇಕವಲ್ಲ. ಒಂದೇ ಋತುವಿನ ಆಟಕ್ಕೆ ಕೊರತೆಯೇ ಮುಖ್ಯ. ಆಟಗಾರರನ್ನು ವರ್ಷವರ್ಷವೂ ಉಳಿಸಿಕೊಳ್ಳುವ ಪದ್ಧತಿಯಿದ್ದರೆ ವಯಸ್ಸಿಗೂ ಭರವಸೆಗೂ ಹೆಚ್ಚು ಬೆಲೆ ಕಟ್ಟಬೇಕು.

ವಿನಿಮಯಕ್ಕೂ ನಿದರ್ಶನವುಂಟು. 2009ರಲ್ಲಿ ಬೆಂಗಳೂರು ಬೌಲರ್ ಜಹೀರ್ ಖಾನರನ್ನು ಮುಂಬಯಿಗೆ ಕೊಟ್ಟು, ಕನ್ನಡನಾಡಿನ ದಾಂಡಿಗ ರಾಬಿನ್ ಉತ್ತಪ್ಪನವರನ್ನು ಪಡೆಯಿತು. ಒಬ್ಬರಿಗೆ ಬೌಲರ್, ಇನ್ನೊಬ್ಬರಿಗೆ ದಾಂಡಿಗ; ಇಬ್ಬರ ಕೈಗೂ ಏನೋ ಬಂದಿತು.

ಮನೆಯಲ್ಲಿ ಒಂದು ಕಟ್ಟಳೆ ಸಾಕು. ಸರದಿಯನ್ನು ಬದಲಿಸುವ ಮುನ್ನ, ವಿನಿಮಯವಾದರೆ ಎಷ್ಟು, ಆಗದಿದ್ದರೆ ಎಷ್ಟು ಎಂಬುದನ್ನು ಇಬ್ಬರೂ ಬರೆದು ತೋರಿಸಲಿ. ಕಿರಿಯರಿಗೆ ಒಂದು ರಾತ್ರಿ ಯೋಚಿಸಲು ಬಿಡುವು ಕೊಡಿರಿ. ಬೆಳಗಾದ ಮೇಲೂ ಒಪ್ಪಿಗೆಯಾದ ವ್ಯವಹಾರಕ್ಕೆ ಅಳು ಬಾರದು.